ಸೇತುವೆಯ ಮೇಲಿನ ಇಬ್ಬರು ಕಾವಲುಗಾರರು

ಮಂಗಳೂರು
೧೨-೨-೧೯೫೬

ಮಾನ್ಯ ಸತ್ಯಮೂರ್ತಿ ರಾಯರಿಗೆ ವಾರಿಜಾಳ ನಮಸ್ಕಾರಗಳು.

ನಿಮಗೆ ನೇರವಾಗಿ ಬರೆಯುವುದು ಇದೇ ಮೊದಲು. ಆದರೂ ನನ್ನ ಕೈಬರಹ ನಿಮಗೂ ನಿಮ್ಮ ಕೈಬರಹ ನನಗೂ ಹೊಸತಲ್ಲ. ಅಕ್ಷರ ಕಲಿಯದ ನನ್ನ ಅಣ್ಣ ಚೆನ್ನಯನಿಗೆ ಮೂರು ವರ್ಷದಿಂದ ನನ್ನ ಕಾಗದ ಓದಿ ಹೇಳಿ, ಅವನು ಹೇಳಿದ್ದನ್ನು ಬರೆದು ಕಳಿಸುವವರು ನೀವೇ. ಆ ಉಪಕಾರಕ್ಕಾಗಿ ನಿಮಗೆ ಒಂದು ಕೆಟ್ಟ ಮಾತೂ ಹೇಳಬಾರದೆಂದು ಮೊನ್ನೆಯವರೆಗೆ ಇದ್ದೆ. ನಿನ್ನೆ ನಿಮ್ಮ ಕಂಪನಿಯ ಹೊಸ ಸ್ಟಂಟ್ ಚಿತ್ರ ನೋಡಿದೆ. ಇನ್ನು ತಡೆಯಲಿಕ್ಕೆ ನನ್ನಿಂದಾಗುವುದಿಲ್ಲ.

ರಾಯರೇ, ಆ ಕನ್ನಡ ಮಾತುಗಳನ್ನು ಬರೆದವರು ನೀವೇ ತಾನೇ? ಪರದೆಯ ಮೇಲೆ ನಿಮ್ಮ ಹೆಸರು ಬಂದಾಗ ಪಕ್ಕದಲ್ಲಿದ್ದ ಗೆಳತಿ ಅಪ್ಪಿಗೆ ಮೊಣಕೈಯಿಂದ ತಿವಿದು ತೋರಿಸಿದೆ. ಅರ್ಧ ಗಂಟೆಯಲ್ಲಿ ನಾಚಿಕೆಯಾಯಿತು. ನಾಯಕನ ತಂಗಿ ಬಂದು ಹೇಳುತ್ತಾಳೆ: "ಅಣ್ಣಾ, ಹದಿನೈದು ವರ್ಷಗಳ ಹಿಂದೆ ನಮ್ಮ ತಂದೆಯನ್ನು ಈ ದಿವಾನನೇ ಕೊಲ್ಲಿಸಿ ಕೋಟೆಯನ್ನು ಕಸಿದುಕೊಂಡನೆಂಬುದು ನಿನಗೆ ಗೊತ್ತೇ ಇದೆ!" ಗೊತ್ತಿದ್ದರೆ ಯಾಕೆ ಹೇಳುವುದು? ಅವನಿಗೇನು ತಲೆಗೆ ಪೆಟ್ಟು ಬಿದ್ದಿದೆಯಾ? ನಾವು ತಂಗಿಯಂದಿರು ಮನೆಯಲ್ಲಿ ಅಣ್ಣನ ಹತ್ತಿರ ಹಾಗೆ ಮಾತಾಡಿದರೆ ವೈದ್ಯರನ್ನು ಕರೆಸುತ್ತಾರೆ. ಬೀಡಿ ಕಟ್ಟುವ ನಾವು ಹತ್ತು ಮಂದಿ ಹೆಂಗಸರು ನೆಲದಲ್ಲಿ ಕುಳಿತು ನೋಡಿದ್ದು. ಹತ್ತು ಮಂದಿಯೂ ಒಟ್ಟಿಗೆ "ಗೊತ್ತುಂಟು ಮಾರಾಯ್ತಿ, ಮುಂದೆ ಹೋಗು!" ಎಂದು ಕೂಗಿದೆವು.

ಅದನ್ನೂ ಕ್ಷಮಿಸಿಯೇನು. ಸೇತುವೆಯನ್ನು ಕ್ಷಮಿಸಲಾರೆ. ಮುಸುಕು ಹಾಕಿದ ಸರದಾರ, ಅಂದರೆ ನಾಯಕನ ಬದಲು ಹಾರುವ ನಮ್ಮ ಅಣ್ಣ, ರೈಲು ಹಳಿಯ ಮೇಲಿನ ಸೇತುವೆಯ ಕಟ್ಟೆ ಹತ್ತುತ್ತಾನೆ. ಎಡಕಿವಿ ಮುಟ್ಟಿಕೊಳ್ಳುತ್ತಾನೆ. ಪ್ರತಿ ಚಿತ್ರದಲ್ಲಿಯೂ ಹಾರುವ ಮೊದಲು ಅವನು ನನಗಾಗಿ ಮಾಡುವ ಗುರುತು ಅದು. ನಾನು ಶಿಳ್ಳೆ ಹಾಕಲು ನಾಲಿಗೆ ಮಡಚಿದೆ. ಅಷ್ಟರಲ್ಲಿ ಅವನು, "ಇಗೋ, ಈಗ ನಾನು ಕೆಳಗೆ ಓಡುತ್ತಿರುವ ರೈಲಿನ ಮೇಲೆ ಹಾರಲಿದ್ದೇನೆ!" ಎನ್ನುತ್ತಾನೆ. ಯಾರಿಗೆ ಹೇಳುವುದು, ಕಾಗೆಗಳಿಗಾ? ಹೋಗಲಿ, ಹಾರಿದನಾ? ಇಲ್ಲ. ಇಬ್ಬರು ಕಾವಲುಗಾರರು ಬಂದು ನಿಂತರು. "ನೋಡಿದೆಯಾ, ಸರದಾರ ಸೇತುವೆಯಿಂದ ಹಾರಿ ರೈಲಿನ ಮೇಲೆ ಇಳಿದುಬಿಟ್ಟ!" "ಹೌದು, ಅವನು ಪಾರಾಗಿ ಹೋದ!" ಅಷ್ಟೇ. ಅವರು ನೋಡಿದರಂತೆ. ನಾವು ನೋಡಲಿಲ್ಲ.

ಹಿಂದಿನ ಚಿತ್ರದಲ್ಲಿಯೂ ಕೋಟೆಯಿಂದ ಹಾರಿದ್ದನ್ನು ಒಬ್ಬ ಆಳಿನ ಬಾಯಲ್ಲಿ ಹೇಳಿಸಿದ್ದಿರಿ. ಆಗ ನಾನು ಅಣ್ಣನಿಗೆ ಬರೆದ ಬೈಗುಳ ನಿಮಗೆ ನೆನಪಿರಬೇಕು, ಓದಿ ಹೇಳಿದವರೇ ನೀವು. ಅದಕ್ಕೆ ಅವನು, "ಈ ಸಲ ಬಾಯಲ್ಲಿ ಹೇಳುವುದಿಲ್ಲ, ಹಾರಿಯೇ ತೋರಿಸ್ತೇನೆ, ನೋಡು" ಎಂದು ಬರೆಸಿದ್ದ. ಚೌತಿ ಕಳೆದು ಬಂದ ಆ ಕಾಗದವೇ ಕೊನೆ. ಆಮೇಲೆ ಒಂದು ಸಾಲೂ ಇಲ್ಲ. ಹಾರಿ ತೋರಿಸಲಾಗದ್ದಕ್ಕೆ ನಾಚಿಕೊಂಡು ಕುಳಿತಿದ್ದಾನೋ ಹೇಗೆ? ಬೈಯುವುದಿಲ್ಲ, ಬರೆಸಲು ಹೇಳಿ.

ವಾರಿಜಾ


ಮುಲುಂಡ್, ಮುಂಬಯಿ
೨೭-೨-೧೯೫೬

ಸಹೋದರಿ ವಾರಿಜಾ ಅವರಿಗೆ ಸತ್ಯಮೂರ್ತಿಯ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ.

ನಿಮ್ಮ ಕಾಗದವನ್ನು ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಓದಿದೆ. ಬೈಸಿಕೊಂಡರೂ ನಗು ಬಂತು. ಎಷ್ಟೋ ತಿಂಗಳಾಗಿತ್ತು ನಕ್ಕು.

ನಿಮ್ಮ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಬಡಪಾಯಿಯ ಕಷ್ಟವನ್ನೂ ಕೇಳಿ. ಹಗಲೆಲ್ಲ ನಾನು ಕೋಟೆ ಪ್ರದೇಶದ ಒಂದು ಆಫೀಸಿನಲ್ಲಿ ಗುಮಾಸ್ತ. ಸಂಜೆ ಮತ್ತು ಭಾನುವಾರ ಸ್ಟುಡಿಯೋ. ಚಿತ್ರ ತಯಾರಾಗುವುದು ಹಿಂದಿಯಲ್ಲಿ. ಅದರ ಮೇಲೆ ನಾನು ಕನ್ನಡ ಕೂರಿಸಬೇಕು. ಅಲ್ಲಿ ತುಟಿ ನಾಲ್ಕು ಸಲ ಅಲುಗಿದರೆ ಇಲ್ಲಿಯೂ ನಾಲ್ಕೇ ಸಲ. ಹೀಗಾಗಿ ಮುಖ ಕಾಣುವಾಗ ಹೇಳಲಾಗದ್ದನ್ನೆಲ್ಲ ಬೆನ್ನು ತಿರುಗಿಸಿದಾಗ ತುರುಕುತ್ತೇವೆ. ಮುಸುಕು ಹಾಕಿದವನಂತೂ ನಮಗೆ ದೊಡ್ಡ ವರ. ಬಾಯಿ ಕಾಣುವುದಿಲ್ಲವಲ್ಲ, ಎಷ್ಟು ಮಾತನ್ನಾದರೂ ತುಂಬಬಹುದು. ನಾನು ಕಡಿಮೆ ಬರೆದರೆ ನಮ್ಮ ಸೇಠ್ ಬಿಡುವುದಿಲ್ಲ. "ಪಬ್ಲಿಕ್ ಕೋ ಸಬ್ ಖೋಲ್ ಕೇ ಬೋಲೋ, ಮೂರ್ತಿ" ಅಂತಾನೆ, ಜನಕ್ಕೆ ಎಲ್ಲ ಬಿಡಿಸಿ ಹೇಳು ಅಂತ. ಚಿತ್ರ ಶುರುವಾಗಿ ಅರ್ಧ ಗಂಟೆಗೆ ಕಡಲೆಕಾಯಿ ಹಿಡಿದು ಒಳಗೆ ಬಂದವನಿಗೂ ಕಥೆ ತಿಳಿಯಬೇಕಂತೆ. ನೋಡುವವರು ದಡ್ಡರಲ್ಲ ಅಂತ ನಾನು ಎಷ್ಟೋ ಸಲ ವಾದಿಸಿದ್ದೇನೆ. ಇನ್ನು ಮುಂದೆ ನಿಮ್ಮ ಕಾಗದವನ್ನೇ ಸಾಕ್ಷಿಗೆ ತೋರಿಸಬಹುದು.

ಸೇತುವೆಯ ದೃಶ್ಯದ ವಿಷಯ: ಹಾರಿದ್ದನ್ನು ಚಿತ್ರೀಕರಿಸಿದ್ದೆವು. ಫಿಲ್ಮಿಗೆ ಬೆಳಕು ತಗುಲಿ ರೀಲು ಕೆಟ್ಟುಹೋಯಿತು. ಮತ್ತೆ ತೆಗೆಯಲು ಅನುಕೂಲವಾಗಲಿಲ್ಲ. ಆದ್ದರಿಂದ ಕಾವಲುಗಾರರಿಂದ ಹೇಳಿಸಬೇಕಾಯಿತು.

ಚೆನ್ನಯ ರಾಜಸ್ಥಾನದ ಕಡೆಗೆ ಹೋಗಿರುವ ತಂಡದ ಜೊತೆ ಇದ್ದಾನೆ. ಅಲ್ಲಿ ಅಂಚೆಯ ಸೌಕರ್ಯ ಸಾಲದು. ನೀವು ಚಿಂತಿಸಬೇಡಿ.

ತಮ್ಮ ವಿಶ್ವಾಸಿ
ಸತ್ಯಮೂರ್ತಿ


ಮಂಗಳೂರು
೧೫-೩-೧೯೫೬

ರಾಯರೇ,

ನಿಮ್ಮ ಕಾಗದವನ್ನು ಅಪ್ಪಿಗೂ ಓದಿ ಹೇಳಿದೆ. ಕಡಲೆಕಾಯಿಯವನ ಕಥೆ ಕೇಳಿ ಬಿದ್ದು ಬಿದ್ದು ನಕ್ಕಳು. ಆದರೆ ನಿಮ್ಮ ಉತ್ತರ ನನಗೆ ಸಾಲಲಿಲ್ಲ.

ಆ ಚಿತ್ರವನ್ನು ಇನ್ನೂ ಮೂರು ಸಲ ನೋಡಿದೆ. ಸೇತುವೆಯಾದ ಮೇಲೆ ಮುಸುಕಿನೊಳಗೆ ಇರುವವನು ನಮ್ಮ ಅಣ್ಣ ಅಲ್ಲ. ನೀವು ಮುಖ ಮುಚ್ಚಬಹುದು, ಬೆನ್ನು ಮುಚ್ಚಲಿಕ್ಕೆ ಆಗುತ್ತದಾ? ಅಣ್ಣ ಕುದುರೆ ಹತ್ತುವ ಮೊದಲು ಅದರ ಕುತ್ತಿಗೆ ತಟ್ಟುತ್ತಾನೆ. ಇವನು ತಟ್ಟುವುದಿಲ್ಲ. ಅಣ್ಣ ಗೋಡೆಯಿಂದ ಧುಮುಕಿದರೆ ಎರಡು ಕಾಲ ಮೇಲೆ ನಿಲ್ಲುತ್ತಾನೆ, ಇವನು ಕೈ ಊರುತ್ತಾನೆ. ದಿವಾನನ ಮಹಡಿಯಿಂದ ಹಾರುವಾಗ ಕಿವಿಯನ್ನೂ ಮುಟ್ಟಲಿಲ್ಲ. ನಾಲ್ಕು ಸಲವೂ ಅಲ್ಲಿ ಕಣ್ಣು ನೆಟ್ಟು ಕುಳಿತಿದ್ದೆ. ಅರ್ಧ ಚಿತ್ರ ಬಿಟ್ಟು ನಮ್ಮ ಅಣ್ಣ ರಾಜಸ್ಥಾನಕ್ಕೆ ಹೋದದ್ದು ಯಾಕೆ?

ನನ್ನ ಅಂದಾಜು ಹೇಳುತ್ತೇನೆ. ಅವನು ಸೇಠ್ ಹತ್ತಿರ ಜಗಳ ಮಾಡಿದ್ದಾನೆ. ನಮ್ಮ ಮನೆಯವರ ಮೂಗಿನ ತುದಿಯಲ್ಲೇ ಸಿಟ್ಟು. ಕೆಲಸ ಬಿಡಿಸಿದ್ದಾರೆ, ಅದನ್ನು ನನಗೆ ಹೇಳಲು ಅವನಿಗೆ ಮುಖವಿಲ್ಲ, ನೀವು ಮುಚ್ಚಿಡುತ್ತಿದ್ದೀರಿ. ಹೌದಲ್ಲವಾ?

ಸಾಂತಾಕ್ರೂಜ್‌ನ ಹೋಟೆಲಿನಲ್ಲಿ ನಮ್ಮ ಊರಿನ ಅಣ್ಣು ಅಡುಗೆ ಮಾಡಿಕೊಂಡಿದ್ದಾನೆ. ಅವನಿಗೆ ಬರೆದು, ಧಾರಾವಿಯಲ್ಲಿ ಅಣ್ಣ ಇದ್ದ ಖೋಲಿಗೆ ಹೋಗಿ ನೋಡಿ ಬಾ ಎಂದೆ. ಅಲ್ಲಿ ಚರ್ಮದ ಕೆಲಸ ಮಾಡುವ ಬೇರೆ ಯಾರೋ ಇದ್ದಾರಂತೆ. ಮೊದಲಿದ್ದವನ ಪೆಟ್ಟಿಗೆಯನ್ನು ಸಿನಿಮಾದವರು ಬಂದು ತೆಗೆದುಕೊಂಡು ಹೋದರು ಎಂದರಂತೆ. ರಾಜಸ್ಥಾನಕ್ಕೆ ಹೋಗುವವನು ಪೆಟ್ಟಿಗೆಯನ್ನು ತಾನೇ ಒಯ್ಯುವುದಿಲ್ಲವಾ?

ಏಪ್ರಿಲ್ ಹದಿನಾಲ್ಕಕ್ಕೆ ಬಿಸು ಹಬ್ಬ. ಪ್ರತಿ ವರ್ಷ ಅವನ ಹೆಸರಿನಲ್ಲಿ ಒಂದು ಬಟ್ಟಲು ಪಾಯಸ ತೆಗೆದಿಡುತ್ತೇನೆ, ಮರುದಿನ ನಾನೇ ಕುಡಿಯುತ್ತೇನೆ. ಈ ಸಲ ಅವನೇ ಬರಲಿ. ಕೆಲಸ ಇಲ್ಲದಿದ್ದರೆ ಇಲ್ಲ. ಎರಡು ಸಾಲು ಬರೆಸಿ ಸಾಕು.

ವಾರಿಜಾ


ಮುಂಬಯಿ
೨-೪-೧೯೫೬

ಪ್ರೀತಿಯ ತಂಗಿ ವಾರಿಜಾಳಿಗೆ, ನಿನ್ನ ಒಬ್ಬನೇ ಅಣ್ಣನಾದ ಚೆನ್ನಯನು ಮಾಡುವ ಆಶೀರ್ವಾದಗಳು.

ಆರು ವರ್ಷಗಳ ಹಿಂದೆ ನಮ್ಮ ತಾಯಿಯವರು ವಿಷಮಶೀತಜ್ವರದಿಂದ ತೀರಿಕೊಂಡ ಮೇಲೆ ನನಗೆ ನೀನೂ ನಿನಗೆ ನಾನೂ ಅಲ್ಲದೆ ಬೇರೆ ಯಾರೂ ಇಲ್ಲವೆಂಬುದು ನಿನಗೆ ತಿಳಿದೇ ಇದೆ. ಮೂರು ವರ್ಷಗಳಿಂದ ನಾನು ಮುಂಬಯಿಯ ಚಿತ್ರ ಕಂಪನಿಯಲ್ಲಿ ಕುದುರೆ ಸವಾರಿ, ಹಾರುವುದು ಮೊದಲಾದ ಸಾಹಸದ ಕೆಲಸಗಳನ್ನು ಮಾಡಿಕೊಂಡಿರುವೆನಷ್ಟೆ. ಈಗ ಕಂಪನಿಯ ತಂಡದ ಜೊತೆ ದೂರದ ಊರಿನಲ್ಲಿರುವೆನು. ಕೆಲಸದ ಒತ್ತಡದಿಂದ ಕಾಗದ ಬರೆಸಲಾಗಲಿಲ್ಲ. ಬಿಸು ಹಬ್ಬಕ್ಕೆ ಬರಲು ಸಾಧ್ಯವಾಗದು. ನೀನು ಬೀಡಿ ಕಟ್ಟಿ ಜೀವನ ಸಾಗಿಸುತ್ತಿರುವೆಯಾದ್ದರಿಂದ ಆರೋಗ್ಯದ ಕಡೆ ಗಮನವಿರಲಿ. ನನ್ನ ಬಗ್ಗೆ ಚಿಂತಿಸಬೇಡ.

ಇಂತು ನಿನ್ನ ಅಣ್ಣ
ಚೆನ್ನಯ


ಮಂಗಳೂರು
೨೦-೪-೧೯೫೬

ಸತ್ಯಮೂರ್ತಿ ರಾಯರೇ,

ಅಣ್ಣನ ಹೆಸರಿನಲ್ಲಿ ಒಂದು ಕಾಗದ ಬಂತು. ಅಕ್ಷರ ನಿಮ್ಮದು, ಅದು ಯಾವಾಗಲೂ ನಿಮ್ಮದೇ. ಆದರೆ ಈ ಸಲ ಮಾತೂ ನಿಮ್ಮದೇ.

ನಮ್ಮ ಅಮ್ಮ ಯಾವಾಗ ಸತ್ತದ್ದು, ಯಾವ ಜ್ವರದಲ್ಲಿ ಸತ್ತದ್ದು ಎಂದು ಅಣ್ಣ ನನಗೆ ಹೇಳುತ್ತಾನಾ? ಅಮ್ಮನ ಬಾಯಿಗೆ ನೀರು ಬಿಟ್ಟವಳು ನಾನು, ತಲೆ ಹಿಡಿದುಕೊಂಡವನು ಅವನು. ಅಮ್ಮನ ಹೆಸರನ್ನೇ ಅವನು ಎತ್ತುವುದಿಲ್ಲ ರಾಯರೇ. "ಆ ಮೂಲೆ ಈಗಲೂ ಒದ್ದೆ ಆಗ್ತದಾ?" ಎಂದು ಕೇಳುತ್ತಾನೆ, ಅಷ್ಟೇ. ಅದು ಅಮ್ಮ ಮಲಗುತ್ತಿದ್ದ ಮೂಲೆ. ಆ ಮಾತನ್ನು ನೀವೇ ನಾಲ್ಕೈದು ಸಲ ಬರೆದಿದ್ದೀರಿ. ಮನೆಯ ಮಾಡು ಸೋರುವ ವಿಷಯ ಎಂದುಕೊಂಡಿರಬೇಕು.

"ಪ್ರೀತಿಯ ತಂಗಿ" ಅಂತೆ. ಅವನ ಕಾಗದಗಳೆಲ್ಲ "ಏ ಜಗಳಗಂಟಿ, ಮೀನು ತಿಂದೆಯಾ?" ಎಂದೇ ಶುರುವಾಗುವುದು. ನಾನು ಬೀಡಿ ಕಟ್ಟುತ್ತೇನೆ ಎಂದು ನನಗೇ ಯಾಕೆ ಹೇಳಿದಿರಿ? ನಿಮ್ಮ ಚಿತ್ರದ ಆ ತಂಗಿ ಬಂದು ನನ್ನ ಎದುರು ನಿಂತು ಕಥೆ ಹೇಳಿದಂತಾಯಿತು. ಅವಳನ್ನು ನೋಡಿ ಕೂಗಿದ್ದೆ. ಇದನ್ನು ಓದಿ ಕೂಗಲು ಬಾಯಿ ಬರಲಿಲ್ಲ.

ಯಾಕೆಂದರೆ ನೀವೇ ಬರೆದಿದ್ದಿರಿ, ತೋರಿಸಲು ಆಗದಿದ್ದಾಗ ಮಾತಿನಿಂದ ಹೇಳಿಸುತ್ತೇವೆ ಎಂದು.

ಅವನಿಗೆ ಏನೋ ಆಗಿದೆ. ನನಗೀಗ ಗೊತ್ತಾಗಿದೆ. ಆ ಸೇತುವೆಯಿಂದ ಬಿದ್ದು ಕಾಲು ಹೋಗಿದೆ. ಯಾವುದೋ ಆಸ್ಪತ್ರೆಯಲ್ಲಿ ಇದ್ದಾನೆ, ಇಲ್ಲ ನಿಮ್ಮ ಮನೆಯಲ್ಲಿಯೇ ಇಟ್ಟುಕೊಂಡಿದ್ದೀರಿ. ಕುಂಟನಾಗಿ ತಂಗಿಯ ಎದುರು ಬರುವುದಿಲ್ಲ ಎಂದು ನಿಮ್ಮಿಂದ ಆಣೆ ಹಾಕಿಸಿಕೊಂಡಿದ್ದಾನೆ. ಹೌದೆಂದು ಹೇಳಿ, ದಮ್ಮಯ್ಯ. ಕಾಲು ಹೋದರೆ ಹೋಗಲಿ, ಎರಡೂ ಹೋಗಲಿ. ಕುಳಿತು ಬೀಡಿ ಕಟ್ಟಲು ಕಾಲು ಬೇಡ, ನಾನು ಕಲಿಸುತ್ತೇನೆ. ಅಣ್ಣುವಿಗೆ ಹೇಳಿದರೆ ಹಡಗಿನಲ್ಲಿ ಕರೆದುಕೊಂಡು ಬರುತ್ತಾನೆ. ಬಂದರಿನಿಂದ ನಾನು ಎತ್ತಿಕೊಂಡಾದರೂ ಮನೆಗೆ ತರುತ್ತೇನೆ.

ಬಿಸು ಹಬ್ಬದ ಬಟ್ಟಲನ್ನು ಈ ಸಲ ನಾನು ಕುಡಿಯಲಿಲ್ಲ. ಹುಳಿ ಬರುವವರೆಗೆ ಇಟ್ಟೆ.

ವಾರಿಜಾ


ಮಂಗಳೂರು
೯-೬-೧೯೫೬
(ಕಾರ್ಡು)

ರಾಯರೇ, ಏಳು ವಾರವಾಯಿತು. ಉತ್ತರವಿಲ್ಲ. ಮಳೆಗೆ ಹಡಗು ನಿಂತಿದೆ, ಇಲ್ಲದಿದ್ದರೆ ನಾನೇ ಬಂದು ನಿಮ್ಮ ಬಾಗಿಲು ಬಡಿಯುತ್ತಿದ್ದೆ. ಏನಿದ್ದರೂ ಬರೆಯಿರಿ. ಚಂದ ಮಾಡಿ ಬರೆಯಬೇಡಿ.

ವಾರಿಜಾ


ಮುಲುಂಡ್, ಮುಂಬಯಿ
೨೪-೭-೧೯೫೬

ವಾರಿಜಾ ಅವರಿಗೆ,

ಚೆನ್ನಯ ತೀರಿಹೋದ. ಕಳೆದ ಅಕ್ಟೋಬರ್ ಒಂಬತ್ತನೇ ತಾರೀಕು, ಭಾನುವಾರ ಬೆಳಿಗ್ಗೆ, ಆ ಸೇತುವೆಯ ಕೆಳಗೆ.

ಈ ಒಂದು ಸಾಲು ಬರೆಯಲು ನನಗೆ ಒಂಬತ್ತು ತಿಂಗಳು ಬೇಕಾಯಿತು.

ಕೆಳಗೆ ಬಾಡಿಗೆಯ ಎಂಜಿನ್ನು, ಅದರ ಹಿಂದೆ ಹತ್ತಿಯ ಮೂಟೆ ತುಂಬಿದ ಎರಡು ಬಂಡಿ. ಮೂಟೆಯ ಮೇಲೆ ಅವನು ಬೀಳಬೇಕಿತ್ತು. ಹಾರು ಎಂದು ಬಾವುಟ ಬೀಸುವವನು ಒಂದು ಗಳಿಗೆ ತಡಮಾಡಿದ. ಚೆನ್ನಯ ಕಿವಿ ಮುಟ್ಟಿಕೊಂಡು ಹಾರುವಷ್ಟರಲ್ಲಿ ಮೂಟೆಯ ಬಂಡಿಗಳು ದಾಟಿಹೋಗಿದ್ದವು. ಕ್ಯಾಮರಾ ಓಡುತ್ತಲೇ ಇತ್ತು. ರೀಲಿಗೆ ಬೆಳಕು ತಗುಲಲಿಲ್ಲ. ಎಲ್ಲವೂ ಸ್ಪಷ್ಟವಾಗಿ ಬಂದಿತ್ತು. ಅದನ್ನು ಸೇಠ್ ಸುಟ್ಟುಹಾಕಿಸಿದ. ಕಟ್ಟೆಯ ಮೇಲೆ ನಿಂತದ್ದಷ್ಟನ್ನು ಇಟ್ಟುಕೊಂಡೆವು. ಡಿಸೆಂಬರಿನಲ್ಲಿ ನಾನು ಆ ತುಂಡಿನ ಎದುರು ಕುಳಿತು, ಆ ಮುಸುಕಿಗೆ "ಇಗೋ, ಈಗ ನಾನು ಹಾರಲಿದ್ದೇನೆ" ಎಂಬ ಮಾತು ಬರೆದೆ. ಬಾಯಿ ಕಾಣುತ್ತಿರಲಿಲ್ಲ.

ಪೊಲೀಸರಿಗೆ ಕೊಟ್ಟ ಹೇಳಿಕೆ ಬರೆದದ್ದೂ ನಾನೇ. ಅಂದು ಚಿತ್ರೀಕರಣವೇ ಇರಲಿಲ್ಲ, ಅವನು ತಮಾಷೆಗೆ ಕಟ್ಟೆ ಹತ್ತಿ ಜಾರಿದ, ಅವನಿಗೆ ನೆಂಟರಿಷ್ಟರು ಯಾರೂ ಇಲ್ಲ ಅಂತ. ನಿಮ್ಮ ವಿಳಾಸ ಇದ್ದದ್ದು ನನ್ನ ಜೇಬಿನಲ್ಲಿ ಮಾತ್ರ. "ಪಿಕ್ಚರ್ ರಿಲೀಸ್ ಹೋನೇ ದೋ, ಮೂರ್ತಿ" ಅಂದ ಸೇಠ್. ರಿಲೀಸ್ ಆದ ಮೇಲೆ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ನಿಮ್ಮ ಕಾಗದ ಬಂತು, ನಗಿಸುವ ಕಾಗದ. ಹೆದರಿದೆ. ನಾನು ಹೇಡಿ, ಅದಕ್ಕಿಂತ ಹೆಚ್ಚಿನ ಕಾರಣ ನನ್ನ ಹತ್ತಿರ ಇಲ್ಲ.

ಒಂದು ಮಾತು ನೀವು ತಿಳಿದಿರಬೇಕು. ಹಾರಲೇಬೇಕು ಅಂತ ತೀರ್ಮಾನಿಸಿದವರು ಸೇಠ್ ಮತ್ತು ನಾನು. ಚೆನ್ನಯ ಬೇಡವೆಂದೇ ಹೇಳಿದ್ದ. ನಾವು ಬಲವಂತ ಮಾಡಿದೆವು. ತಪ್ಪು ನಮ್ಮಿಬ್ಬರದು, ಇನ್ನು ಯಾರದೂ ಅಲ್ಲ.

ಬೆಂಕಿ ಕೊಡಲು ಅವನವರೆಂದು ಯಾರೂ ಇರಲಿಲ್ಲ. ನಾನೇ ಕೊಟ್ಟೆ. ಪೆಟ್ಟಿಗೆ ನಮ್ಮ ಮನೆಯಲ್ಲಿದೆ. ನನ್ನ ಹೆಂಡತಿ ಕೌಸಲ್ಯಾ ಅದರ ಮೇಲೆ ಬಟ್ಟೆ ಹೊದಿಸಿದ್ದಾಳೆ. ಅದರಲ್ಲಿ ಎರಡು ಅಂಗಿ, ಒಂದು ಕನ್ನಡಿ, ನಿಮ್ಮ ಕಾಗದಗಳೆಲ್ಲ ಇವೆ. ಓದಲು ಬಾರದವನು ಒಂದನ್ನೂ ಬಿಸಾಡಿರಲಿಲ್ಲ. ಅಣ್ಣುವಿನ ಕೈಯಲ್ಲಿ ಕೊಡುತ್ತೇನೆ.

ಕಂಪನಿಯ ಕೆಲಸ ಬಿಟ್ಟೆ. ಪೊಲೀಸ್ ಠಾಣೆಗೆ ಹೋಗಿ ನಿಜ ಬರೆದುಕೊಟ್ಟು ಬಂದೆ. ಅಲ್ಲಿಯ ಫೌಜುದಾರ ಓದಿ, ಮಡಚಿ ಮೇಜಿನೊಳಗೆ ಇಟ್ಟ. ಆಮೇಲೆ ಯಾರೂ ನನ್ನನ್ನು ಕರೆಯಲಿಲ್ಲ.

ಸತ್ಯಮೂರ್ತಿ


ಮಂಗಳೂರು
೭-೮-೧೯೫೬

ಸತ್ಯಮೂರ್ತಿ ರಾಯರಿಗೆ,

ಕಾಗದ ಬಂತು. ಮೂರು ದಿನ ಅಪ್ಪಿ ನನ್ನನ್ನು ಒಬ್ಬಳನ್ನೇ ಬಿಡಲಿಲ್ಲ. ಈಗ ಬರೆಯುತ್ತಿದ್ದೇನೆ.

ನಿಮ್ಮ ಕಾಗದದಲ್ಲಿ ಒಂದು ಕಡೆ ಮಾತ್ರ ನೀವು ಮತ್ತೆ ಕಥೆ ಹೇಳಿದಿರಿ. ಸೇಠ್ ಮತ್ತು ನೀವು ಬಲವಂತ ಮಾಡಿದಿರಿ, ಅಣ್ಣ ಬೇಡವೆಂದ ಎಂದು. ರಾಯರೇ, ಅಣ್ಣನ ಕೊನೆಯ ಕಾಗದ ನನ್ನ ಹತ್ತಿರ ಉಂಟು. ಫೆಬ್ರವರಿಯಲ್ಲಿ ನಾನು ನಿಮಗೆ ಅದರ ಒಂದೇ ಮಾತು ಬರೆದಿದ್ದೆ. ಉಳಿದದ್ದನ್ನು ಬರೆದಿರಲಿಲ್ಲ, ನನಗೇ ಒಳಗೊಳಗೆ ಹೆದರಿಕೆ ಇತ್ತು. ಅದು ನಿಮ್ಮದೇ ಅಕ್ಷರ, ನಿಮಗೆ ಮರೆತಿರಲಿಕ್ಕಿಲ್ಲ:

"ಏ ಜಗಳಗಂಟಿ, ಮೀನು ತಿಂದೆಯಾ? ನಿನ್ನ ಬೈಗುಳ ರಾಯರು ಓದಿ ಹೇಳಿದ್ರು. ಈ ಸಲವೂ ಸೇತುವೆ ಹತ್ರ ಇಬ್ರು ಕಾವಲಿನವ್ರು ನಿಂತು ಹೇಳುವುದು ಅಂತಲೇ ಬರ್ದಿತ್ತು. ನಾನು ಹಠ ಹಿಡ್ದು ತೆಗೆಸಿದೆ. ಬೇಡ ಅಂತ ಸೇಠ್ ಅಂದ, ರಾಯರೂ ಅಂದ್ರು. ನನ್ನ ತಂಗಿ ನೆಲದಲ್ಲಿ ಕೂತು ಶಿಳ್ಳೆ ಹಾಕ್ಬೇಕು ಅಂದೆ. ಈ ಸಲ ಬಾಯಲ್ಲಿ ಹೇಳುವುದಿಲ್ಲ, ಹಾರಿಯೇ ತೋರಿಸ್ತೇನೆ, ನೋಡು."

ಆ ಇಬ್ಬರು ಕಾವಲುಗಾರರನ್ನು ಅಲ್ಲಿಂದ ಓಡಿಸಿದವಳು ನಾನು. ಅವರು ಅಲ್ಲೇ ನಿಂತು ಹೇಳಿದ್ದನ್ನೇ ಹೇಳುತ್ತಿದ್ದರೆ ನಮ್ಮ ಅಣ್ಣ ಇರುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು, ಬೈದು ಕಾಗದ ಬರೆಯುತ್ತಿದ್ದೆ, ನೀವು ಓದಿ ಹೇಳುತ್ತಿದ್ದಿರಿ, ಅವನು ನಗುತ್ತಿದ್ದ. ಅಷ್ಟೇ ಆಗುತ್ತಿತ್ತು. ನನ್ನಿಂದ ಇದನ್ನು ಮುಚ್ಚಿಡಲು ನೀವು ಸುಳ್ಳು ಹೇಳಿದಿರಿ ಎಂದು ಗೊತ್ತು. ಅದೊಂದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ಉಳಿದದ್ದಕ್ಕೆ ಇಲ್ಲ. ಸತ್ತವನಿಂದ ಕಾಗದ ಬರೆಸಿದಿರಿ, ನಾನು ಅವನನ್ನು ಬಂದರಿನಿಂದ ಎತ್ತಿಕೊಂಡು ತರುವ ದಾರಿಯನ್ನೆಲ್ಲ ಯೋಚಿಸಿಟ್ಟಿದ್ದೆ. ಆ ಸಿಟ್ಟು ನನ್ನಲ್ಲಿ ಇರುತ್ತದೆ, ನೀವು ಪುನಃ ಬರೆದರೂ ಹೋಗುವುದಿಲ್ಲ. ಬರೆಯಬೇಡಿ. ಪೆಟ್ಟಿಗೆಯನ್ನು ಅಣ್ಣುವಿಗೆ ಕೊಡಿ. ಬೆಂಕಿ ಕೊಟ್ಟದ್ದನ್ನು ನಾನು ಮರೆಯುವುದಿಲ್ಲ.

ನಿನ್ನೆ ಆಟಿ ಅಮಾವಾಸ್ಯೆ. ಆಟಿ ತಿಂಗಳಲ್ಲಿ ನಮ್ಮಲ್ಲಿ ತೀರಿಹೋದವರಿಗೆ ಎಲೆ ಹಾಕಿ ಬಡಿಸುತ್ತೇವೆ. ಬೊಜ್ಜ, ಅಂದರೆ ಉತ್ತರಕ್ರಿಯೆ, ಆಗದವನಿಗೆ ಎಲೆ ಹಾಕುವ ಕ್ರಮವಿಲ್ಲ ಎಂದು ಊರ ಹಿರಿಯರು ಹೇಳಿದರು. ಹತ್ತು ತಿಂಗಳು ನಾನು ಅವನನ್ನು ಬದುಕಿದವರ ಲೆಕ್ಕದಲ್ಲಿಟ್ಟು ಪಾಯಸ ತೆಗೆದಿಟ್ಟೆ, ಅವನು ಸತ್ತವರ ಸಾಲಿನಲ್ಲಿ ಹಸಿದು ಕುಳಿತಿದ್ದ. ಇನ್ನೂ ಸ್ವಲ್ಪ ಕಾಯಿ ಎಂದು ಹೇಳಲು ನನಗಾಗಲಿಲ್ಲ. ಹಾಕಿದೆ. ಅಮ್ಮನ ಮೂಲೆಯಲ್ಲಿ ಎರಡು ಎಲೆ. ಅನ್ನ, ಬಂಗುಡೆ ಸಾರು, ಕೆಸುವಿನ ಪತ್ರೊಡೆ.

ಬಡಿಸಿದ ಮೇಲೆ ಹೆಸರು ಹಿಡಿದು ಕರೆಯಬೇಕು, ಇಂಥಿಂಥದ್ದು ಬಡಿಸಿದ್ದೇವೆ, ಹೀಗೆ ಹೀಗೆ ಆಯಿತು, ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೋ ಎಂದು ಹೇಳಬೇಕು, ಆಮೇಲೆ ಬಾಗಿಲು ಎಳೆದು ಹೊರಗೆ ಕುಳಿತುಕೊಳ್ಳಬೇಕು. ಅಪ್ಪಿಯ ತಾಯಿ ಹಿಂದಿನಿಂದ, "ಹೇಳು ಮಗಾ, ಹೇಳು" ಎನ್ನುತ್ತಲೇ ಇದ್ದರು. ನಾನು ಎಡಕಿವಿ ಮುಟ್ಟಿಕೊಂಡೆ. ಬಾಗಿಲು ಎಳೆದೆ.

ಏನೂ ಹೇಳಲಿಲ್ಲ ರಾಯರೇ. ಅವನಿಗೆ ಎಲ್ಲ ಗೊತ್ತುಂಟು.

ವಾರಿಜಾ